ಮ್ಯೂಸಿಕಲ್ ಥಿಯೇಟರ್ ಓದುತ್ತೇನೆ ಎನ್ನುವ ಮಗಳು: ಪದವಿ, ಕಂಠ, ವೀಸಾ ಮತ್ತು ಖರ್ಚು

ಪ್ರಶ್ನೆ: ನಾವು ಮೈಸೂರಿನವರು. ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ಹನ್ನೊಂದು ವರ್ಷವಾಯಿತು. ಐದು ವರ್ಷದವಳಾಗಿ ಇಲ್ಲಿಗೆ ಬಂದ ಮಗಳಿಗೆ ಈಗ ಹದಿನಾರು, ಹೈಸ್ಕೂಲಿನಲ್ಲಿ ಹನ್ನೊಂದನೆಯ ತರಗತಿ. ಎಂಟು ವರ್ಷ ಕರ್ನಾಟಕ ಸಂಗೀತ ಕಲಿತಿದ್ದಾಳೆ, ಭರತನಾಟ್ಯದಲ್ಲಿ ರಂಗಪ್ರವೇಶವೂ ಆಗಿದೆ. ಎರಡು ವರ್ಷಗಳಿಂದ ಶಾಲೆಯ ಮ್ಯೂಸಿಕಲ್‌ಗಳಲ್ಲಿ (ಹಾಡು, ನೃತ್ಯ, ನಟನೆ ಸೇರಿದ ನಾಟಕಗಳಲ್ಲಿ) ಪಾತ್ರ ಮಾಡುತ್ತಿದ್ದಾಳೆ; ಕಾಲೇಜಿನಲ್ಲೂ ಅದನ್ನೇ ಓದುತ್ತೇನೆ ಎನ್ನುತ್ತಾಳೆ. ಪತಿ ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದಾರೆ, ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಸಾಲಿನಲ್ಲಿದ್ದೇವೆ. ಪರಿಚಯದ ಕುಟುಂಬವೊಂದು, ‘ಹೆಸರಾಂತ ಹತ್ತು ಕಾಲೇಜುಗಳಲ್ಲಿ ಬಿ.ಎಫ್.ಎ. ಪದವಿಗೆ ಸೀಟು ಸಿಗದಿದ್ದರೆ ಈ ದಾರಿಯನ್ನೇ ಬಿಟ್ಟುಬಿಡಿ’ ಎನ್ನುತ್ತದೆ. ಪತಿಯ ಸಹೋದ್ಯೋಗಿಯೊಬ್ಬರು, ‘ಕಂಪ್ಯೂಟರ್ ಸೈನ್ಸ್ ಓದಲಿ, ಹಾಡು ಸಂಜೆಗಿರಲಿ’ ಎನ್ನುತ್ತಾರೆ. ಸಂಗೀತದ ಗುರುಗಳ ಪ್ರಕಾರ ಆ ಕಿರುಚಾಟದಿಂದ ಕಂಠ ಹಾಳಾಗುತ್ತದೆ. ಇಲ್ಲಿನ ವಾಯ್ಸ್ ಕೋಚ್ ಪ್ರಕಾರ ಕರ್ನಾಟಕ ಸಂಗೀತ ನಿಲ್ಲಿಸದಿದ್ದರೆ ಆಡಿಷನ್‌ನಲ್ಲಿ ಕಷ್ಟ. ಮಾವನವರು ಊರಿನಿಂದ ಫೋನ್ ಮಾಡಿ, ‘ಅಮೆರಿಕಕ್ಕೆ ಹೋಗಿ ಕೊನೆಗೆ ನಾಟಕದ ಕಂಪನಿಗೆ ಸೇರಿಸುತ್ತೀರಾ?’ ಎಂದು ಕೇಳಿದರು. ನಮಗೆ ಏನೂ ತೋಚುತ್ತಿಲ್ಲ.

ಉತ್ತರ: ನಿಮ್ಮ ಆತಂಕವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಮಗಳನ್ನು ತಡೆಯುವ ಮನಸ್ಸು ನಿಮಗಿಲ್ಲ. ಆದರೆ ತಪ್ಪು ಬಾಗಿಲು ತಟ್ಟಿ ಅವಳ ನಾಲ್ಕು ವರ್ಷ, ಮನೆಯ ಉಳಿತಾಯ, ಇಷ್ಟು ವರ್ಷ ಸಾಧನೆ ಮಾಡಿದ ಕಂಠ, ಈ ಮೂರೂ ಕೈತಪ್ಪಿದರೆ ಏನು ಗತಿ ಎಂಬ ಭಯವಿದೆ. ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನಿಮಗೆ ಸಲಹೆ ಕೊಟ್ಟ ಐವರಲ್ಲಿ ಒಬ್ಬರೂ ಎತ್ತದ ವಿಷಯವೊಂದಿದೆ, ಅದು ವೀಸಾ. ನೀವೂ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಮ್ಮ ಕಡೆಯ ಕುಟುಂಬಗಳಲ್ಲಿ ಕಾಲೇಜಿನ ಆಯ್ಕೆಯನ್ನು ಕೊನೆಗಳಿಗೆಯಲ್ಲಿ ಬುಡಮೇಲು ಮಾಡುವುದು ಅದೇ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದಕ್ಕೆ ಬರುತ್ತೇನೆ, ಮೊದಲು ಪದವಿಗಳ ಗೋಜಲು ಬಿಡಿಸೋಣ.

ಅಮೆರಿಕದಲ್ಲಿ ಈ ಕಲೆಯನ್ನು ಮುಖ್ಯವಾಗಿ ಮೂರು ಬಗೆಯ ಪದವಿಗಳಲ್ಲಿ ಕಲಿಸುತ್ತಾರೆ. ಬಿ.ಎಫ್.ಎ. (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ವೃತ್ತಿಪರ ಪದವಿ. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ನಟನೆ, ಗಾಯನ, ನೃತ್ಯದ ತರಗತಿಗಳೇ ಇರುತ್ತವೆ. ಬೆಳಗ್ಗೆ ಬ್ಯಾಲೆ, ಮಧ್ಯಾಹ್ನ ದೃಶ್ಯಾಭ್ಯಾಸ, ರಾತ್ರಿ ಹತ್ತರವರೆಗೆ ರಿಹರ್ಸಲ್. ಬಿ.ಎ.ಯಲ್ಲಿ ರಂಗಭೂಮಿಯ ಪಾಲು ಅದರ ಅರ್ಧದಷ್ಟು, ಹೆಚ್ಚೆಂದರೆ ತುಸು ಮೇಲೆ. ಉಳಿದ ಸಮಯದಲ್ಲಿ ಇತಿಹಾಸ, ಅರ್ಥಶಾಸ್ತ್ರ, ಗಣಿತ ಏನನ್ನಾದರೂ ಓದಬಹುದು. ಮೂರನೆಯದು ಬಿ.ಎಂ., ಅಂದರೆ ಸಂಗೀತ ವಿಭಾಗದ ಪದವಿ. ಒಹಾಯೊದ ಬಾಲ್ಡ್‌ವಿನ್ ವ್ಯಾಲೇಸ್, ಓಕ್ಲಹೋಮ ಸಿಟಿ ವಿಶ್ವವಿದ್ಯಾಲಯಗಳಲ್ಲಿ ಮ್ಯೂಸಿಕಲ್ ಥಿಯೇಟರ್‌ಗೆ ಈ ಬಗೆಯದ್ದು ಸಿಗುತ್ತದೆ. ಸಂಗೀತಶಾಸ್ತ್ರ, ಕಿವಿಯ ತರಬೇತಿ, ಪಿಯಾನೊ ಇಲ್ಲಿ ಹೆಚ್ಚು. ಸ್ವರಜ್ಞಾನ ಗಟ್ಟಿಯಿರುವ ನಿಮ್ಮ ಮಗಳಂಥವರು ಈ ಮೂರನೆಯದನ್ನು ನೋಡದೆಯೇ ಪಟ್ಟಿ ಮಾಡಿಬಿಡುತ್ತಾರೆ.

ಬಿ.ಎಫ್.ಎ. ಇಲ್ಲದಿದ್ದರೆ ದಾರಿಯೇ ಇಲ್ಲ ಎಂಬ ಮಾತು ನಿಜವಲ್ಲ. ಹೆಸರಾಂತ ಮ್ಯೂಸಿಕಲ್‌ಗಳನ್ನು ರಚಿಸಿದ ಇಬ್ಬರನ್ನು ನೋಡಿ: ಸ್ಟೀಫನ್ ಸಾಂಡ್‌ಹೈಮ್ ವಿಲಿಯಮ್ಸ್ ಕಾಲೇಜಿನಲ್ಲಿ ಸಂಗೀತ ಓದಿದವರು, ಲಿನ್-ಮ್ಯಾನ್ಯುಯೆಲ್ ಮಿರಾಂಡ 2002ರಲ್ಲಿ ವೆಸ್ಲಿಯನ್‌ನಿಂದ ಹೊರಬಂದವರು. ಎರಡೂ ವೃತ್ತಿ ತರಬೇತಿಯ ಶಾಲೆಗಳಲ್ಲ, ಸಾಮಾನ್ಯ ಶಿಕ್ಷಣದ ಕಾಲೇಜುಗಳು. ಅವರು ರಚನಕಾರರಲ್ಲವೇ, ಹಾಡಿ ಕುಣಿಯುವವರ ಕಥೆ ಬೇರೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಡುವವರ ಸಾಲಿನಲ್ಲಿ ಆಡ್ರಾ ಮ್ಯಾಕ್‌ಡೊನಾಲ್ಡ್ ಅವರನ್ನೇ ನೋಡಿ. ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಯನ್ನು ನಟನೆಗೆ ಆರು ಸಲ ಪಡೆದ ಅವರು ಜೂಲಿಯಾರ್ಡ್‌ನಲ್ಲಿ ಓದಿದ್ದು ಶಾಸ್ತ್ರೀಯ ಗಾಯನ. ಹಾಗೆಂದು ಬಿ.ಎಫ್.ಎ.ಗೆ ಬೆಲೆಯಿಲ್ಲ ಎಂದಲ್ಲ. ದಿನಕ್ಕೆ ಎಂಟು ಹತ್ತು ಗಂಟೆ ದೇಹ ಮತ್ತು ದನಿಯನ್ನು ದುಡಿಸುವ ಶಿಸ್ತು, ಒಂದೇ ತಂಡದೊಡನೆ ನಾಲ್ಕು ವರ್ಷ ಬೆಳೆಯುವ ಅವಕಾಶ, ಕೊನೆಯ ವರ್ಷ ಏಜೆಂಟರ ಮುಂದೆ ನಡೆಯುವ ಪ್ರದರ್ಶನ, ಇವು ಬಿ.ಎ.ಯಲ್ಲಿ ತಾನಾಗಿ ಸಿಗುವುದಿಲ್ಲ. ಅಲ್ಲಿ ವಿದ್ಯಾರ್ಥಿಯೇ ಬೆನ್ನುಹತ್ತಿ ಗಳಿಸಿಕೊಳ್ಳಬೇಕು. ಕೆಲವು ಮಕ್ಕಳು ಗಳಿಸಿಕೊಳ್ಳುತ್ತಾರೆ, ಕೆಲವರು ಎರಡನೆಯ ವರ್ಷದ ಹೊತ್ತಿಗೆ ನೃತ್ಯದ ತರಗತಿ ತಪ್ಪಿಸಲು ಶುರು ಮಾಡುತ್ತಾರೆ. ನಿಮ್ಮ ಮಗಳು ಯಾವ ಗುಂಪಿನವಳು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

‘ಹೆಸರಾಂತ ಹತ್ತು’ ಎಂಬ ಪಟ್ಟಿಯ ಬಗ್ಗೆ. ಮಿಷಿಗನ್, ಸಿನ್ಸಿನಾಟಿ, ಕಾರ್ನೆಗಿ ಮೆಲನ್ ಮೊದಲಾದವುಗಳ ಹೆಸರು ಸುಮ್ಮನೆ ಬಂದದ್ದಲ್ಲ. ಕಾರ್ನೆಗಿ ಮೆಲನ್ ಅಂತೂ ಅಮೆರಿಕದಲ್ಲಿ ನಾಟಕಕ್ಕೆ ಪದವಿ ಕೊಡಲು ಆರಂಭಿಸಿದ ಮೊದಲ ಸಂಸ್ಥೆ, 1914ರಷ್ಟು ಹಿಂದೆಯೇ. ಆದರೆ ಇಂಥ ಕಡೆ ಒಂದು ವರ್ಷಕ್ಕೆ ತೆಗೆದುಕೊಳ್ಳುವುದು ಇಪ್ಪತ್ತರ ಆಸುಪಾಸು ವಿದ್ಯಾರ್ಥಿಗಳನ್ನು. ಅರ್ಜಿಗಳು ಸಾವಿರ ದಾಟುತ್ತವೆ. ಅರ್ಜಿ ಹಾಕುವವರಲ್ಲಿ ಹುಡುಗಿಯರೇ ಬಹಳ ಹೆಚ್ಚು, ಸೀಟುಗಳನ್ನಾದರೋ ಸರಿಸುಮಾರು ಅರ್ಧರ್ಧ ಹಂಚುತ್ತಾರೆ. ಆದ್ದರಿಂದ ಹುಡುಗಿಯರ ಪಾಲಿಗೆ ಬಾಗಿಲು ಕಾಲೇಜು ಹೇಳುವ ಶೇಕಡಾವಾರಿಗಿಂತಲೂ ಕಿರಿದು. ಈ ಹತ್ತಕ್ಕೆ ಮಾತ್ರ ಅರ್ಜಿ ಹಾಕಿ ಎಲ್ಲ ಕಡೆ ‘ಇಲ್ಲ’ ಎನ್ನಿಸಿಕೊಂಡ, ನಿಜಕ್ಕೂ ಚೆನ್ನಾಗಿ ಹಾಡುವ ಮಕ್ಕಳು ಪ್ರತಿ ಏಪ್ರಿಲ್‌ನಲ್ಲೂ ನನ್ನ ಮುಂದೆ ಕುಳಿತಿರುತ್ತಾರೆ. ಆ ‘ಇಲ್ಲ’ಕ್ಕೆ ಕಾರಣ ಬಹುತೇಕ ಸಲ ಪ್ರತಿಭೆಯ ಕೊರತೆಯಲ್ಲ, ಅದೇ ಎತ್ತರದ, ಅದೇ ದನಿಯ ಮತ್ತೊಬ್ಬಳು ಆಗಲೇ ಆಯ್ಕೆಯಾಗಿರುತ್ತಾಳೆ. ತಂಡ ಕಟ್ಟುವವರು ಎತ್ತರದ ದನಿಯ ಸೊಪ್ರಾನೊ ಇಷ್ಟು, ತಗ್ಗಿನ ದನಿಯ ಆಲ್ಟೊ ಇಷ್ಟು, ನೃತ್ಯವೇ ಪ್ರಧಾನವಾದವರು ಇಷ್ಟು ಎಂದು ಲೆಕ್ಕ ಹಾಕುತ್ತಾರೆ.

ಊರಿನ ಹೆಸರಿಗಿಂತ ಗುರುವಿನ ಹೆಸರು ದೊಡ್ಡದು ಎಂಬುದನ್ನು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಆದರೂ ನ್ಯೂಯಾರ್ಕ್ ಎಂದ ಕೂಡಲೇ ನಾವು ಅದನ್ನು ಮರೆಯುತ್ತೇವೆ. ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ನೆಲೆಯಾದ ಬ್ರಾಡ್‌ವೇಯಿಂದ ಸಾವಿರಕ್ಕೂ ಹೆಚ್ಚು ಮೈಲಿ ದೂರದ ಓಕ್ಲಹೋಮ ಸಿಟಿಯಲ್ಲಿ ಫ್ಲಾರೆನ್ಸ್ ಬರ್ಡ್‌ವೆಲ್ ಎಂಬ ಗಾಯನ ಶಿಕ್ಷಕಿ ದಶಕಗಳ ಕಾಲ ಪಾಠ ಮಾಡಿದರು. ಕ್ರಿಸ್ಟಿನ್ ಚೆನೊವೆತ್, ಕೆಲ್ಲಿ ಒಹಾರಾ ಇಬ್ಬರೂ ಅವರ ಶಿಷ್ಯೆಯರು, ಇಬ್ಬರೂ ಅಲ್ಲಿ ಒಪೆರಾ ಅಭ್ಯಾಸ ಮಾಡಿದವರು, ಇಬ್ಬರಿಗೂ ಟೋನಿ ಬಂತು. ಕಾಲೇಜಿಗೆ ಭೇಟಿ ಕೊಟ್ಟಾಗ ಗೋಡೆಯ ಮೇಲಿನ ಹಳೆಯ ವಿದ್ಯಾರ್ಥಿಗಳ ಫೋಟೊಗಳನ್ನು ನೋಡಿ ಮರುಳಾಗಬೇಡಿ. ವಾರಕ್ಕೆ ಎಷ್ಟು ನಿಮಿಷದ ಒಬ್ಬರಿಗೊಬ್ಬರ ಗಾಯನಪಾಠ? ಗುರುವನ್ನು ಯಾರು ನಿಗದಿ ಮಾಡುತ್ತಾರೆ, ಹೊಂದಿಕೆಯಾಗದಿದ್ದರೆ ಬದಲಾಯಿಸಬಹುದೇ? ಎರಡನೆಯ ವರ್ಷದ ಕೊನೆಗೆ ಮೌಲ್ಯಮಾಪನ ಮಾಡಿ ಕೆಲವರನ್ನು ಹೊರಗೆ ಹಾಕುವ ಪದ್ಧತಿ ಇದೆಯೇ? ಹೋದ ನಾಲ್ಕು ವರ್ಷ ಮುಖ್ಯ ಪಾತ್ರಗಳನ್ನು ಮಾಡಿದವರು ಯಾರು? ಕೊನೆಯ ಪ್ರಶ್ನೆಗೆ ಉತ್ತರವನ್ನು ಅವರ ಬಾಯಿಂದ ಕೇಳಬೇಡಿ, ಪ್ರದರ್ಶನದ ಚಿತ್ರಗಳನ್ನು ನೋಡಿ. ಕಂದುಬಣ್ಣದ ಹುಡುಗಿಯರು ನಾಲ್ಕೂ ವರ್ಷ ಹಿಂದಿನ ಸಾಲಿನಲ್ಲೇ ನಿಂತಿದ್ದರೆ ವೈವಿಧ್ಯದ ಬಗ್ಗೆ ಕರಪತ್ರದಲ್ಲಿ ಅಚ್ಚಾದ ಮಾತುಗಳಿಗೆ ಅರ್ಥವಿಲ್ಲ. ದಕ್ಷಿಣ ಏಷ್ಯಾದವರಿಗೆ ಪಾತ್ರಗಳು ಮೊದಲಿಗಿಂತ ಈಗ ತೆರೆದಿವೆ ಎಂಬುದು ನಿಜ. ಆದರೂ ಕಾಲೇಜಿನಲ್ಲೇ ಮುಖ್ಯ ಪಾತ್ರ ಮಾಡಿ ಕಲಿಯದವಳು ಹೊರಗೆ ಬಂದ ಮೇಲೆ ಕಲಿಯುವುದು ಕಷ್ಟ.

ಇನ್ನು ಕಂಠದ ವಿಷಯ. ನಿಮ್ಮ ಗುರುಗಳು ‘ಕಿರುಚಾಟ’ ಎಂದದ್ದು ಬೆಲ್ಟಿಂಗ್ ಎಂಬ ಗಾಯನಕ್ರಮವನ್ನು. ಮಾತಾಡುವ ದನಿಯ ಗಟ್ಟಿತನವನ್ನು ಬಿಡದೆ ಮೇಲಿನ ಸ್ವರಗಳಿಗೆ ಏರುವ ವಿಧಾನ ಅದು. ಸರಿಯಾಗಿ ಕಲಿತರೆ ಅದರಿಂದ ಕಂಠ ಕೆಡುವುದಿಲ್ಲ. ವಾರಕ್ಕೆ ಎಂಟು ಪ್ರದರ್ಶನಗಳಲ್ಲಿ ಹೀಗೆ ಹಾಡಿ ವರ್ಷಗಟ್ಟಲೆ ಉಳಿದವರಿದ್ದಾರೆ. ಕೆಡಿಸುವುದು ಹಗುರವಾದ ತಲೆದನಿಯನ್ನು ಬೆರೆಸಲು ಗೊತ್ತಿಲ್ಲದೆ, ಮಾತಿನಂಥ ಗಟ್ಟಿ ಎದೆದನಿಯನ್ನೇ ಬಲವಂತವಾಗಿ ಮೇಲಕ್ಕೆ ತಳ್ಳುವುದು. ಯೂಟ್ಯೂಬ್ ನೋಡಿ ಅನುಕರಿಸುವ ಹದಿಹರೆಯದವರು ಮಾಡುವುದೇ ಇದನ್ನು. ಗುರುಗಳ ಎಚ್ಚರಿಕೆಯಲ್ಲಿ ಅಷ್ಟರಮಟ್ಟಿಗೆ ಹುರುಳಿದೆ. ಹಾಡಿದ ಮಾರನೆಯ ದಿನ ದನಿ ಒಡೆಯುತ್ತಿದ್ದರೆ, ಮೆಲ್ಲಗೆ ಹಾಡಲು ಹೋದಾಗ ದನಿಯ ಬದಲು ಗಾಳಿ ಬರುತ್ತಿದ್ದರೆ, ಎರಡು ವಾರ ಕಳೆದರೂ ಗೊಗ್ಗರು ಹೋಗದಿದ್ದರೆ ಗಂಟಲಿನ ತಜ್ಞರಿಗೆ ತೋರಿಸಿ. ಶುಂಠಿ ಕಷಾಯ ಸಾಲದು. ಅಂದ ಹಾಗೆ, ಮೈಕ್ ಇಲ್ಲದ ಕಾಲದಲ್ಲಿ ಗುಬ್ಬಿ ಕಂಪನಿಯ ನಟನಟಿಯರು ಕೊನೆಯ ಸಾಲಿನ ಪ್ರೇಕ್ಷಕನಿಗೂ ಸಾಹಿತ್ಯ ಕೇಳಿಸುವಂತೆ ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದುದೂ ಇದರ ದೂರದ ನೆಂಟಸ್ತಿಕೆಯೇ. ನಾಟಕದ ಕಂಪನಿ ಎಂದು ಬೇಸರಪಟ್ಟ ನಿಮ್ಮ ಮಾವನವರಿಗೆ ಇದನ್ನು ಹೇಳಿ. ಅವರ ವಯಸ್ಸಿನವರಿಗೆ ಒಂದೆರಡು ರಂಗಗೀತೆಗಳಾದರೂ ಬಾಯಿಪಾಠ ಬರುತ್ತವೆ, ಮಾತು ಸಲೀಸಾಗುತ್ತದೆ.

ಕರ್ನಾಟಕ ಸಂಗೀತ ನಿಲ್ಲಿಸಿ ಎಂದ ಕೋಚ್ ಹೇಳಿದ್ದನ್ನು ನಾನು ಒಪ್ಪುವುದಿಲ್ಲ, ಆದರೆ ಅವರಿಗೆ ಏನು ಕೇಳಿಸಿರಬೇಕು ಎಂಬುದು ನನಗೆ ಗೊತ್ತು. ನಮ್ಮ ಮಕ್ಕಳು ಇಂಗ್ಲಿಷ್ ಹಾಡಿನಲ್ಲೂ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾರೆ. ಗಮಕದ ಅಭ್ಯಾಸ ಅದು. ಇಲ್ಲಿನ ಪರೀಕ್ಷಕರ ಕಿವಿಗೆ ಅದು ಸ್ವರ ಹುಡುಕುತ್ತಿರುವಂತೆ ಕೇಳಿಸುತ್ತದೆ. ಎರಡನೆಯದಾಗಿ, ನಾವು ಸ್ವರಾಕ್ಷರವನ್ನು ಎಳೆದು ವ್ಯಂಜನವನ್ನು ಮುಂದಿನ ಪದಕ್ಕೆ ಸೇರಿಸಿಬಿಡುತ್ತೇವೆ; ಇಲ್ಲಿ ಪದದ ಕೊನೆಯ ‘ಟ್’, ‘ಡ್’ ಕೂಡ ಕಥೆ ಹೇಳಬೇಕು. ಮೂರನೆಯ ಕೊರತೆ ಗಂಭೀರವಾದದ್ದು. ಒಂದೇ ಆಧಾರ ಶ್ರುತಿಗೆ ಒಗ್ಗಿದ ಕಿವಿಗೆ ಹಾಡಿನ ನಡುವೆ ಶ್ರುತಿಯೇ ಬದಲಾಗುವುದು ಹೊಸದು, ಐದು ಗೆರೆಗಳ ಸ್ವರಲಿಪಿ ಓದುವುದೂ ಬರುವುದಿಲ್ಲ. ಇವೆಲ್ಲ ಒಂದು ವರ್ಷದ ಪಿಯಾನೊ ಪಾಠ ಮತ್ತು ಶಾಲೆಯ ಕಾಯರ್‌ನಿಂದ (ವೃಂದಗಾನದಿಂದ) ಸರಿಹೋಗುವ ಸಂಗತಿಗಳು. ಅದಕ್ಕೆ ಪ್ರತಿಯಾಗಿ ಅವಳ ಬಳಿ ಇರುವುದೇನು ನೋಡಿ: ಖಂಡ ಚಾಪು, ಮಿಶ್ರ ಚಾಪು ಕೈಯಲ್ಲೇ ಇರುವುದರಿಂದ ಐದು, ಏಳರ ಲಯದ ಹಾಡು ಬಂದಾಗ ಉಳಿದವರು ತಡವರಿಸಿದರೆ ಇವಳು ತಡವರಿಸುವುದಿಲ್ಲ, ಒಮ್ಮೆ ಕೇಳಿದ್ದನ್ನು ಹಾಡುವ ಕಿವಿ, ಉಸಿರಿನ ಹಿಡಿತ. ಕರ್ನಾಟಕ ಸಂಗೀತದ ಪಾಠವನ್ನು ಬಿಡಿಸಬೇಡಿ, ವಾರಕ್ಕೊಂದಕ್ಕೆ ಇಳಿಸಿ.

ನೃತ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರಮಂಡಿಯ ಶಕ್ತಿ, ಜತಿ ನೆನಪಿಡುವ ಬುದ್ಧಿ ಎರಡೂ ನೃತ್ಯದ ಆಡಿಷನ್‌ನಲ್ಲಿ ಉಪಯೋಗಕ್ಕೆ ಬರುತ್ತವೆ. ಅಲ್ಲಿ ಅರ್ಧ ಗಂಟೆಯೊಳಗೆ ಹೊಸ ಹೆಜ್ಜೆಗಳನ್ನು ಕಲಿತು ಮಾಡಿ ತೋರಿಸಬೇಕು. ಆದರೆ ಭರತನಾಟ್ಯದ ದೇಹ ನೆಲದತ್ತ ತೂಕ ಬಿಡುತ್ತದೆ, ಬ್ಯಾಲೆ ಮೇಲಕ್ಕೆ ಎಳೆಯುತ್ತದೆ. ಈಗಿನಿಂದಲೇ ವಾರಕ್ಕೆರಡು ಬ್ಯಾಲೆ, ಒಂದು ಜಾಝ್ ತರಗತಿಗೆ ಸೇರಿಸಿ.

ಈಗ ವೀಸಾಕ್ಕೆ ಬರೋಣ. ನಿಮ್ಮ ಮಗಳು ಎಚ್-4ರಲ್ಲಿ, ಅಂದರೆ ಎಚ್-1ಬಿಯವರ ಅವಲಂಬಿತರ ವೀಸಾದಲ್ಲಿದ್ದಾಳೆ ಎಂದಾಯಿತು. ಈ ಸ್ಥಿತಿಯಲ್ಲಿ ಓದಲು ಅಡ್ಡಿಯಿಲ್ಲ, ದುಡಿಯುವಂತಿಲ್ಲ. ರಂಗಭೂಮಿ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಹೊರ ಊರಿನ ನಾಟಕ ತಂಡಗಳಲ್ಲಿ ಸಣ್ಣ ಸಂಬಳಕ್ಕೆ ಕೆಲಸ ಮಾಡಿ ಅನುಭವ ಗಳಿಸುತ್ತಾರೆ. ಅವಳು ಆ ಸಂಬಳ ತೆಗೆದುಕೊಳ್ಳುವಂತಿಲ್ಲ, ‘ಗೌರವಧನ’ ಎಂದು ಹೆಸರಿಟ್ಟರೂ ಅಪಾಯವೇ. ಇಪ್ಪತ್ತೊಂದು ತುಂಬಿದ ದಿನ ಎಚ್-4 ಕೊನೆಯಾಗುತ್ತದೆ. ಅದು ಕಾಲೇಜಿನ ಕೊನೆಯ ಎರಡು ವರ್ಷಗಳ ನಡುವೆ ಎಲ್ಲೋ ಬರುತ್ತದೆ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಮಕ್ಕಳ ವಯಸ್ಸನ್ನು ತಡೆಹಿಡಿಯುವ ಕಾನೂನು ಇದೆಯಲ್ಲ ಎಂದು ಯಾರಾದರೂ ಸಮಾಧಾನ ಹೇಳಿಯಾರು. ಆ ಕಾನೂನು ಅರ್ಜಿ ಪರಿಶೀಲನೆಯಲ್ಲಿದ್ದ ದಿನಗಳನ್ನಷ್ಟೇ ವಯಸ್ಸಿನಿಂದ ಕಳೆಯುತ್ತದೆ, ಸಾಲಿನಲ್ಲಿ ನಿಂತ ವರ್ಷಗಳನ್ನಲ್ಲ. ಹಾಗಾಗಿ ಅವಳು ನಡುವೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ ಎಂದೇ ಯೋಜನೆ ಹಾಕಿ.

ಎಫ್-1ರಲ್ಲಿ ಪದವಿ ಮುಗಿಸಿದವರಿಗೆ ತಮ್ಮ ಕ್ಷೇತ್ರದಲ್ಲಿ ದುಡಿಯಲು ಓಪಿಟಿ ಎಂಬ ಅನುಮತಿ ಸಿಗುತ್ತದೆ, ಹನ್ನೆರಡು ತಿಂಗಳಿಗೆ. ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು ವಿಸ್ತರಣೆ ಉಂಟು. ಮ್ಯೂಸಿಕಲ್ ಥಿಯೇಟರ್‌ಗೆ ಇಲ್ಲ. ಆ ಹನ್ನೆರಡು ತಿಂಗಳಲ್ಲೂ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ನಟರ ಬದುಕಿನಲ್ಲಿ ಒಂದು ಪಾತ್ರಕ್ಕೂ ಇನ್ನೊಂದಕ್ಕೂ ನಡುವೆ ತಿಂಗಳುಗಳು ಖಾಲಿ ಹೋಗುವುದು ಸಾಮಾನ್ಯ, ಅಮೆರಿಕದ ಪೌರರು ಆ ಅಂತರದಲ್ಲಿ ಹೋಟೆಲಿನಲ್ಲಿ ತಟ್ಟೆ ಹೊರುತ್ತಾರೆ. ಇವಳಿಗೆ ಅದು ನಿಷಿದ್ಧ. ಪ್ರದರ್ಶನ ಕಲಾವಿದರು ಹಲವು ಸಣ್ಣ ಕಾರ್ಯಕ್ರಮಗಳನ್ನು ಸೇರಿಸಿ ಕೆಲಸವೆಂದು ತೋರಿಸಬಹುದು ಎಂಬ ಸೌಲಭ್ಯವಿದೆ, ಪ್ರತಿಯೊಂದರ ದಿನಾಂಕ, ಅವಧಿ ಬರೆದಿಟ್ಟುಕೊಳ್ಳಬೇಕು. ಮುಂದೆ ಒ-1 ಎಂಬ ಕಲಾವಿದರ ವೀಸಾ ಇದೆ. ಅದಕ್ಕೆ ವಿಶೇಷ ಸಾಧನೆಯ ದಾಖಲೆ ಬೇಕು, ವಿಮರ್ಶೆಗಳು, ಮುಖ್ಯ ಪಾತ್ರಗಳು, ಪ್ರಶಸ್ತಿಗಳು. ಇಪ್ಪತ್ತೆರಡು ವರ್ಷದವಳ ಕೈಯಲ್ಲಿ ಅಷ್ಟು ಇರುವುದು ಅಪರೂಪ.

ಇದೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಪದವಿಯ ಆಯ್ಕೆಯೇ ಇದರಿಂದ ಬದಲಾಗುತ್ತದೆ. ಬಿ.ಎ.ಯಲ್ಲಿ ರಂಗಭೂಮಿಯ ಜೊತೆಗೆ ಕಂಪ್ಯೂಟರ್ ಸೈನ್ಸ್, ಅಂಕಿಅಂಶ ವಿಜ್ಞಾನದಂಥ ಎರಡನೆಯ ಮೇಜರ್ (ಮುಖ್ಯ ವಿಷಯ) ತೆಗೆದುಕೊಂಡರೆ ಆ ಎರಡನೆಯದರ ಬಲದಿಂದ 24 ತಿಂಗಳ ವಿಸ್ತರಣೆ ಕೇಳಬಹುದು, ಕೆಲಸ ಮಾತ್ರ ಆ ವಿಷಯಕ್ಕೆ ಸಂಬಂಧಪಟ್ಟಿರಬೇಕು. ಮೂರು ವರ್ಷ ಇದೇ ದೇಶದಲ್ಲಿ ಸಂಬಳದೊಡನೆ ಇದ್ದು, ಸಂಜೆ ಹಾಡು, ನೃತ್ಯದ ತರಗತಿಗಳನ್ನು ಮುಂದುವರಿಸಲು ಇದು ದಾರಿ. ‘ಕಂಪ್ಯೂಟರ್ ಓದಲಿ’ ಎಂದ ಸಹೋದ್ಯೋಗಿ ತಿಳಿಯದೆಯೇ ಅರ್ಧ ಸರಿ ಹೇಳಿದ್ದಾರೆ. ನಿಮಗೆ ಗ್ರೀನ್ ಕಾರ್ಡ್ ಇದ್ದಿದ್ದರೆ ಈ ಸಲಹೆಯನ್ನು ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಬಿ.ಎಫ್.ಎ.ಯಲ್ಲಿ ಎರಡನೆಯ ಮೇಜರ್ ಹೆಚ್ಚಿನ ಕಡೆ ಅಸಾಧ್ಯ, ದಿನದಲ್ಲಿ ಅಷ್ಟು ಗಂಟೆಗಳೇ ಇರುವುದಿಲ್ಲ.

ದುಡ್ಡಿನ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 80,000 ಡಾಲರ್ ದಾಟುವುದು ಈಗ ಮಾಮೂಲು. ಎಚ್-4 ಮಕ್ಕಳಿಗೆ ಕೇಂದ್ರ ಸರಕಾರದ ನೆರವಾಗಲಿ ಸಾಲವಾಗಲಿ ಸಿಗುವುದಿಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಪೌರರ ಅಥವಾ ಗ್ರೀನ್ ಕಾರ್ಡ್ ಇರುವವರ ಜಾಮೀನು ಕೇಳುತ್ತಾರೆ. ಕಾಲೇಜುಗಳೇ ಕೊಡುವ ಪ್ರತಿಭಾ ವಿದ್ಯಾರ್ಥಿವೇತನ ಮಾತ್ರ ಹಲವು ಕಡೆ ಎಲ್ಲರಿಗೂ ತೆರೆದಿರುತ್ತದೆ. ಅದಕ್ಕೆ ಚೌಕಾಸಿ ಮಾಡಬಹುದು ಎಂಬುದು ನಮ್ಮವರಿಗೆ ಗೊತ್ತಿಲ್ಲ. ಬೇರೆ ಕಾಲೇಜು ಹೆಚ್ಚು ಕೊಟ್ಟ ಪತ್ರವನ್ನು ಲಗತ್ತಿಸಿ ವಿನಯವಾಗಿ ಕೇಳಿದರೆ ಮೊತ್ತ ಏರಿದ್ದನ್ನು ಕಂಡಿದ್ದೇನೆ.

ಸಾಲಕ್ಕೆ ನಾನು ಇಷ್ಟು ಹೆದರುವುದೇಕೆ ಎಂದರೆ, ಈ ವೃತ್ತಿಯಲ್ಲಿ ಯಾವ ಆಡಿಷನ್‌ಗೆ ಹೋಗಬಹುದು ಎಂಬುದನ್ನು ಸಾಲವೇ ತೀರ್ಮಾನಿಸುತ್ತದೆ. ಬ್ರಾಡ್‌ವೇಯಲ್ಲಿ ನಟರ ಸಂಘದ ಕನಿಷ್ಠ ವೇತನ ವಾರಕ್ಕೆ 2,000 ಡಾಲರ್‌ಗೂ ಮೇಲೆ. ಕೇಳಲು ಚೆನ್ನಾಗಿದೆ. ಆದರೆ ಬ್ರಾಡ್‌ವೇ ಎಂದರೆ ಒಟ್ಟು 41 ಥಿಯೇಟರ್‌ಗಳು, ಪ್ರಯೋಗ ನಿಂತ ದಿನ ಸಂಬಳವೂ ನಿಲ್ಲುತ್ತದೆ. 2020ರ ಮಾರ್ಚ್ 12ರಂದು ಎಲ್ಲವೂ ಒಟ್ಟಿಗೇ ಬಾಗಿಲು ಮುಚ್ಚಿ ಒಂದು ವರ್ಷಕ್ಕೂ ಹೆಚ್ಚು ಕಾಲ ತೆರೆಯಲಿಲ್ಲ. ಬಹುಪಾಲು ಕೆಲಸ ಸಿಗುವುದು ಪ್ರಾಂತೀಯ ರಂಗಮಂದಿರಗಳಲ್ಲಿ, ಊರೂರು ಸುತ್ತುವ ತಂಡಗಳಲ್ಲಿ, ವಿಹಾರದ ಹಡಗುಗಳಲ್ಲಿ, ಮಕ್ಕಳ ನಾಟಕಗಳಲ್ಲಿ. ತಿಂಗಳ ಕಂತು ಹಗುರವಾಗಿರುವವಳು ಕಡಿಮೆ ಸಂಬಳದ, ಒಳ್ಳೆಯ ಪಾತ್ರವನ್ನು ಒಪ್ಪಿಕೊಳ್ಳಬಲ್ಲಳು.

ಹಾಗಾದರೆ ನಿಮಗೆ ಯಾವ ದಾರಿ? ಮೊದಲನೆಯದು ಹೆಸರಾಂತ ಖಾಸಗಿ ಬಿ.ಎಫ್.ಎ.; ವಿದ್ಯಾರ್ಥಿವೇತನವಿಲ್ಲದೆ ಪೂರ್ತಿ ಶುಲ್ಕ ಕೊಟ್ಟು ಅದಕ್ಕೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ, ಮಗಳು ಅತ್ತರೂ ಸರಿ. ವಿದ್ಯಾರ್ಥಿವೇತನ ದೊಡ್ಡದಾಗಿ ಬಂದರೆ ಮಾತು ಬೇರೆ. ಎರಡನೆಯದು, ನಿಮ್ಮ ರಾಜ್ಯದ್ದೇ ಸಾರ್ವಜನಿಕ ವಿಶ್ವವಿದ್ಯಾಲಯ. ಮಾಂಟ್‌ಕ್ಲೇರ್ ಸ್ಟೇಟ್‌ನಲ್ಲಿ ಮ್ಯೂಸಿಕಲ್ ಥಿಯೇಟರ್‌ನ ಬಿ.ಎಫ್.ಎ. ಇದೆ, ಆವರಣದಿಂದಲೇ ರೈಲು ಹತ್ತಿ ನ್ಯೂಯಾರ್ಕ್‌ಗೆ ಹೋಗಬಹುದು. ಆದರೆ ರಾಜ್ಯವಾಸಿಗಳ ಕಡಿಮೆ ಶುಲ್ಕ ಎಚ್-4 ಮಕ್ಕಳಿಗೆ ಅನ್ವಯಿಸುತ್ತದೆಯೇ, ನಡುವೆ ಎಫ್-1ಗೆ ಬದಲಾದರೆ ಅದೇ ಶುಲ್ಕ ಉಳಿಯುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಪ್ರವೇಶ ಕಚೇರಿಯಿಂದ ಇಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಯಾರೋ ‘ಆಗುತ್ತದೆ’ ಎಂದದ್ದನ್ನು ನೆಚ್ಚಿಕೊಳ್ಳಬೇಡಿ. ಮೂರನೆಯದು ಒಳ್ಳೆಯ ರಂಗವಿಭಾಗವಿರುವ ಕಾಲೇಜಿನಲ್ಲಿ ಬಿ.ಎ., ಜೊತೆಗೆ ವಿಜ್ಞಾನದ ಎರಡನೆಯ ಮೇಜರ್. ಪಕ್ಕದ ಪೆನ್ಸಿಲ್ವೇನಿಯಾದ ಮ್ಯೂಲೆನ್‌ಬರ್ಗ್ ಬಿ.ಎ. ಮೂಲಕವೇ ರಂಗಭೂಮಿಗೆ ಹೆಸರಾದ ಕಾಲೇಜು. ಇದರ ಅಪಾಯವೂ ಹೇಳಬೇಕು: ಎರಡು ದೋಣಿಯಲ್ಲಿ ಕಾಲಿಟ್ಟವಳಿಗೆ ನೃತ್ಯದಲ್ಲಿ ಹಿಂದೆ ಬೀಳುವ ಸಾಧ್ಯತೆ ಇದೆ, ಬೇಸಿಗೆಗಳಲ್ಲಿ ಆ ಕೊರತೆ ತುಂಬಲು ಬೇರೆ ಖರ್ಚು ಬರುತ್ತದೆ. ನನ್ನನ್ನು ಕೇಳಿದರೆ ನಿಮ್ಮ ಪರಿಸ್ಥಿತಿಯಲ್ಲಿ ಮೂರನೆಯದನ್ನು ಪಟ್ಟಿಯ ತಲೆಗೆ ಇಟ್ಟು, ಎರಡನೆಯದನ್ನು ಪಕ್ಕದಲ್ಲಿ ಇಟ್ಟುಕೊಂಡು, ಬಹಳ ಆಸೆಪಟ್ಟ ಮೂರು ನಾಲ್ಕು ದೊಡ್ಡ ಹೆಸರುಗಳಿಗೂ ಅರ್ಜಿ ಹಾಕಲು ಬಿಡುತ್ತೇನೆ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಇಪ್ಪತ್ತು ಕಾಲೇಜುಗಳವರೆಗೆ ಸೇರಿಸಬಹುದು, ಆದರೆ ಆಡಿಷನ್ ಇರುವಂಥವು ಹನ್ನೆರಡು ದಾಟಿದರೆ ಹನ್ನೆರಡನೆಯ ತರಗತಿಯ ಅಂಕಗಳು ನೆಲ ಕಚ್ಚುತ್ತವೆ.

ಆಡಿಷನ್ ಹೇಗಿರುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ಅಂಜಿಕೆ ಹೋಗುತ್ತದೆ. ಮೊದಲ ಸುತ್ತು ವಿಡಿಯೊ: ಭಿನ್ನ ಬಗೆಯ ಎರಡು ಹಾಡಿನ ತುಣುಕುಗಳು, ಸಾಮಾನ್ಯವಾಗಿ ಒಂದು ಹಳೆಯ ಶೈಲಿಯದು, ಇನ್ನೊಂದು ಇಂದಿನದು; ಒಂದೆರಡು ಸ್ವಗತಗಳು; ಸ್ವಲ್ಪ ನೃತ್ಯ. ಕೆಲವು ಕಡೆ ‘ನಿಮ್ಮಿಷ್ಟದ್ದು ಏನಾದರೂ’ ಎಂಬ ಹೆಚ್ಚುವರಿ ವಿಡಿಯೊಕ್ಕೆ ಜಾಗವಿರುತ್ತದೆ. ಅಲ್ಲಿ ಒಂದು ಜತಿಯನ್ನೋ ಚಿಕ್ಕ ಅಭಿನಯದ ತುಣುಕನ್ನೋ ಹಾಕಲಿ, ಉಳಿದ ವಿಡಿಯೊಗಳಲ್ಲಿ ಬೇಡ. ಈ ವಿಡಿಯೊ ಸುತ್ತಿನಲ್ಲಿ ಆಯ್ಕೆಯಾದವರನ್ನು ಎದುರಿಗೆ ಕರೆಯುತ್ತಾರೆ. ಜನವರಿ, ಫೆಬ್ರವರಿಯಲ್ಲಿ ನ್ಯೂಯಾರ್ಕ್, ಶಿಕಾಗೊ, ಲಾಸ್ ಏಂಜಲೀಸ್‌ಗಳಲ್ಲಿ ಹಲವು ಕಾಲೇಜುಗಳು ಒಂದೇ ಜಾಗದಲ್ಲಿ ಸೇರಿ ನಡೆಸುವ ಆಡಿಷನ್‌ಗಳಿವೆ. ನಿಮಗೆ ನ್ಯೂಯಾರ್ಕ್ ಹತ್ತಿರ, ವಿಮಾನದ ಖರ್ಚು ಉಳಿಯಿತು.

ಕೋಣೆಯೊಳಗೆ ಮೂರು ನಾಲ್ಕು ನಿಮಿಷ, ಅಷ್ಟೇ. ಮೂಲೆಯಲ್ಲಿ ಪಿಯಾನೊ ನುಡಿಸುವವರು ಕುಳಿತಿರುತ್ತಾರೆ, ಅವರು ನಿಮ್ಮ ಮಗಳನ್ನು ನೋಡುತ್ತಿರುವುದು ಅದೇ ಮೊದಲು. ಅವಳು ನೇರ ಅವರ ಬಳಿ ಹೋಗಿ ಸ್ವರಲಿಪಿಯ ಕಡತ ತೆರೆದು, ಎಲ್ಲಿಂದ ಶುರು, ಎಲ್ಲಿ ನಿಲುಗಡೆ ಎಂದು ಬೆರಳಿಟ್ಟು ತೋರಿಸಿ, ಹಾಡಿನ ಗತಿಯನ್ನು ಒಂದೆರಡು ಸಾಲು ಮೆಲ್ಲಗೆ ಗುನುಗಿ ತಿಳಿಸಬೇಕು. ಚಿಟಿಕೆ ಹೊಡೆದು ತೋರಿಸಿದರೆ ಅವರಿಗೆ ಸಿಟ್ಟು ಬರುತ್ತದೆ, ಹೊರಗೆ ಹೇಳಿಕೊಳ್ಳುವುದಿಲ್ಲ. ಪುಟಗಳು ಬೆಳಕಿಗೆ ಹೊಳೆಯದ ಹಾಳೆಯಲ್ಲಿರಲಿ, ತಿರುವಲು ಸುಲಭವಾಗಿರಲಿ. ತುಣುಕಿನ ಉದ್ದವನ್ನು ಬಾರ್‌ಗಳಲ್ಲಿ (ತಾಳದ ಆವರ್ತದಂಥ ಅಳತೆಯಲ್ಲಿ) ಹೇಳುತ್ತಾರೆ; ಹದಿನಾರು ಬಾರ್ ಎಂದರೆ ಅರ್ಧ ನಿಮಿಷದಿಂದ ಮುಕ್ಕಾಲು ನಿಮಿಷ, ಮೂವತ್ತೆರಡು ಎಂದರೆ ಅದರ ಎರಡರಷ್ಟು. ಹಾಡು ಮುಗಿದ ಮೇಲೆ ‘ಬೇರೇನಾದರೂ ಇದೆಯಾ?’ ಎಂದು ಕೇಳಿದರೆ ಅದು ಒಳ್ಳೆಯ ಸೂಚನೆ. ಕಡತದಲ್ಲಿ ಇನ್ನೂ ನಾಲ್ಕಾರು ಹಾಡುಗಳು ಸಿದ್ಧವಿರಬೇಕು. ಕೆಲವೊಮ್ಮೆ ಅದೇ ಸ್ವಗತವನ್ನು ಬೇರೆ ಭಾವದಲ್ಲಿ ಮಾಡಲು ಹೇಳುತ್ತಾರೆ. ತಿದ್ದಿದರೆ ತಿದ್ದಿಕೊಳ್ಳುವವಳೇ ಎಂದು ನೋಡುವ ಕ್ರಮ ಅದು. ಗುರುಮುಖದಿಂದ ಕಲಿತ ಮಕ್ಕಳು ಈ ಘಟ್ಟದಲ್ಲಿ ನಿಜಕ್ಕೂ ಹೊಳೆಯುತ್ತಾರೆ.

ಆಡಿಷನ್ ಕೋಚ್‌ಗಳ ಬಗ್ಗೆ ಒಂದು ಮಾತು, ಇದನ್ನು ಹೇಳಿದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ. ಹತ್ತಾರು ಸಾವಿರ ಡಾಲರಿನ ಪ್ಯಾಕೇಜ್ ಮಾರುವವರಿದ್ದಾರೆ. ಹಾಡು ಆರಿಸಲು, ತುಣುಕು ಕತ್ತರಿಸಲು, ವಿಡಿಯೊ ತಿದ್ದಲು ಕೆಲವು ಗಂಟೆಗಳ ಪಾಠ ಸಾಕು. ಪ್ರವೇಶ ಖಚಿತ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಕಾಲೇಜುಗಳ ಬೇಸಿಗೆ ಶಿಬಿರಕ್ಕೆ ಹೋದರೆ ಅಲ್ಲೇ ಸೀಟು ಸಿಗುತ್ತದೆ ಎಂಬುದೂ ಸುಳ್ಳು. ಶಿಬಿರಕ್ಕೆ ಹೋಗಿ, ದಿನಕ್ಕೆ ಹತ್ತು ಗಂಟೆ ಈ ಕೆಲಸ ಮಾಡಲು ಅವಳಿಗೆ ನಿಜವಾಗಿ ಇಷ್ಟವೇ ಎಂದು ತಿಳಿದುಕೊಳ್ಳಲು.

ಕೆಲಸದ ಅನುಕ್ರಮ ಹೀಗಿರಲಿ. ಈ ತಿಂಗಳೇ ವಲಸೆ ವಕೀಲರ ಜೊತೆ ಒಂದು ಗಂಟೆ ಕುಳಿತು ಮಗಳ ಹುಟ್ಟಿದ ದಿನಾಂಕ, ನಿಮ್ಮ ಅರ್ಜಿಯ ದಿನಾಂಕ ಎರಡನ್ನೂ ಮೇಜಿನ ಮೇಲಿಡಿ. ಎಫ್-1 ಬದಲಾವಣೆಗೆ ತಿಂಗಳುಗಳು ಹಿಡಿಯುತ್ತವೆ, ಯಾವಾಗ ಅರ್ಜಿ ಹಾಕಬೇಕೆಂದು ಬರೆಸಿಕೊಳ್ಳಿ. ಪಿಯಾನೊ ಮತ್ತು ಬ್ಯಾಲೆ ತಡಮಾಡದೆ ಶುರುವಾಗಲಿ. ಬೇಸಿಗೆಯೊಳಗೆ ಹಾಡುಗಳು ಆಯ್ಕೆಯಾಗಿ ಕಂಠಕ್ಕೆ ಕೂರಬೇಕು, ಏಕೆಂದರೆ ವಿಡಿಯೊ ಕಳಿಸುವ ಗಡುವುಗಳು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಬರುತ್ತವೆ. ಉತ್ತರಗಳು ಮಾರ್ಚ್ ಕೊನೆಗೆ, ಒಪ್ಪಿಗೆ ಕೊಡಲು ಮೇ 1 ಕಡೆಯ ದಿನ. ಆ ಒಂದು ತಿಂಗಳಲ್ಲಿ ಸೀಟು ಸಿಕ್ಕ ಪ್ರತಿ ಕಾಲೇಜಿನಿಂದಲೂ, ಪದವಿ ಮುಗಿಸಿ ಮೂರು ವರ್ಷವಾದ ಇಬ್ಬರು ಹಳೆಯ ವಿದ್ಯಾರ್ಥಿನಿಯರ ಸಂಪರ್ಕ ಕೇಳಿ ಪಡೆಯಿರಿ. ಅವರೊಡನೆ ಮಗಳೇ ಮಾತನಾಡಲಿ, ನೀವು ಪಕ್ಕದ ಕೋಣೆಯಲ್ಲಿರಿ. ಹೋದ ವರ್ಷ ಯಾವ ಯಾವ ಕೆಲಸ ಮಾಡಿದಿರಿ, ಬಾಡಿಗೆ ಹೇಗೆ ಕಟ್ಟಿದಿರಿ, ಕಾಲೇಜಿನ ಗಾಯನದ ಗುರುಗಳಿಗೆ ಈಗಲೂ ಫೋನ್ ಮಾಡುತ್ತೀರಾ ಎಂದು ಅವಳು ಕೇಳಲಿ. ಠೇವಣಿ ಕಟ್ಟುವುದು ಅದಾದ ಮೇಲೆ.